ಸೆರೆಶಿಬಿರದಲ್ಲಿ ಹುಟ್ಟಿದ ಪ್ರಾರ್ಥನೆ: ಆಧುನಿಕ ಶಾಸ್ತ್ರೀಯ ಸಂಗೀತದಲ್ಲಿ ಕ್ರೈಸ್ತ ವಿಶ್ವಾಸ

ಚರ್ಚ್ ಸಂಗೀತ ಎಂದ ಕೂಡಲೇ ನಮಗೆ ನೆನಪಾಗುವುದು ಭಾನುವಾರದ ಬಲಿಪೂಜೆಯ ಗಾಯನ ಮಂಡಳಿ, ಕ್ರಿಸ್ಮಸ್ ಕಾಲದ ಕ್ಯಾರೊಲ್‌ಗಳು, ತಪಸ್ಸು ಕಾಲದಲ್ಲಿ ಶಿಲುಬೆ ಹಾದಿಯ ಜೊತೆಗೆ ಹಾಡುವ ಹಾಡುಗಳು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರಿಚಯ ಇರುವವರು ಬಾಖ್, ಹ್ಯಾಂಡೆಲ್, ಮೊಜಾರ್ಟ್ ಮೊದಲಾದವರ ಹೆಸರನ್ನೂ ಕೇಳಿರುತ್ತಾರೆ. ಆದರೆ ಅವರೆಲ್ಲ 18ನೆಯ ಶತಮಾನದವರು. ಅವರ ನಂತರ ದೊಡ್ಡ ಸಂಗೀತಗಾರರು ದೇವರನ್ನು ಮರೆತರು, ಆಧುನಿಕ ಸಂಗೀತ ಎಂದರೆ ಕಿವಿಗೆ ಹಿತವಲ್ಲದ ಗದ್ದಲ ಮಾತ್ರ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ.

ವಾಸ್ತವ ಹಾಗಿಲ್ಲ. ಎರಡು ಮಹಾಯುದ್ಧಗಳನ್ನು, ಸೆರೆಶಿಬಿರಗಳನ್ನು, ದೇವರ ಹೆಸರನ್ನೇ ನಿಷೇಧಿಸಿದ ಸರಕಾರಗಳನ್ನು ಕಂಡ 20ನೆಯ ಶತಮಾನದಲ್ಲಿಯೇ ಆಳವಾದ ಕ್ರೈಸ್ತ ಸಂಗೀತವೂ ಹುಟ್ಟಿದೆ. ಇದು ಸುಖದ ದಿನಗಳ ಸಂಗೀತವಲ್ಲ. ಬಾಯಿಬಿಟ್ಟು ವಿಶ್ವಾಸವನ್ನು ಹೇಳಲಾಗದ ಸ್ಥಿತಿಯಲ್ಲಿ ಅಥವಾ ದೇವರೇ ಮೌನವಾಗಿದ್ದಾರೆ ಎನಿಸುವ ಹೊತ್ತಿನಲ್ಲಿ ಒಬ್ಬ ವಿಶ್ವಾಸಿ ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಸಂಗೀತಗಾರರು ತಮ್ಮದೇ ರೀತಿಯಲ್ಲಿ ಉತ್ತರ ಹುಡುಕಿದ್ದಾರೆ. ಈ ಪ್ರಶ್ನೆ ನಮ್ಮದೂ ಹೌದು. ಆದ್ದರಿಂದ ಅಂಥ ನಾಲ್ವರು ಸಂಗೀತಗಾರರನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಎರಡು ಪದಗಳು

ಪಾಶ್ಚಾತ್ಯ ಸಂಗೀತದಲ್ಲಿ ‘ಚೇಂಬರ್ ಮ್ಯೂಸಿಕ್’ ಎಂದರೆ ಕೋಣೆಯ ಸಂಗೀತ. ನೂರು ಮಂದಿಯ ವಾದ್ಯವೃಂದ ಇಲ್ಲಿರುವುದಿಲ್ಲ. ಇಬ್ಬರು, ಮೂವರು, ನಾಲ್ವರು ವಾದಕರು, ಒಬ್ಬೊಬ್ಬರಿಗೆ ಒಂದೊಂದು ಸ್ವರಭಾಗ. ಮುಂದೆ ನಿಂತು ಕೈಬೀಸಿ ನಡೆಸುವ ನಿರ್ದೇಶಕ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಒಬ್ಬರು ಇನ್ನೊಬ್ಬರನ್ನು ಕಿವಿಗೊಟ್ಟು ಆಲಿಸಲೇಬೇಕು. ‘ಕೋರಲ್ ಮ್ಯೂಸಿಕ್’ ಎಂದರೆ ಗಾಯನವೃಂದದ ಸಂಗೀತ. ನಮ್ಮ ಚರ್ಚುಗಳಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ದನಿಗಳಲ್ಲಿ ಹಾಡುವವರಿಗೆ ಇದು ಪರಿಚಿತ. ಎರಡರಲ್ಲಿಯೂ ಒಂದು ಸಮಾನ ಗುಣವಿದೆ. ತನ್ನ ದನಿಯೊಂದೇ ಕೇಳಲಿ ಎಂದು ಬಯಸುವವನಿಗೆ ಇಲ್ಲಿ ಜಾಗವಿಲ್ಲ.

27ನೇ ಬ್ಯಾರಕ್‌ನ ಸಂಗೀತ

ಒಲಿವಿಯೇ ಮೆಸ್ಸಿಯಾನ್ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ 1908ರ ಡಿಸೆಂಬರ್ 10ರಂದು ಜನಿಸಿದರು. ತಾಯಿ ಸೆಸಿಲ್ ಸೊವಾಜ್ ಕವಯಿತ್ರಿ, ತಂದೆ ಶೇಕ್ಸ್‌ಪಿಯರನ ನಾಟಕಗಳನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದ ಅಧ್ಯಾಪಕ. ಮೆಸ್ಸಿಯಾನ್ ದೃಢ ಕಥೋಲಿಕ ವಿಶ್ವಾಸಿ. 1931ರಲ್ಲಿ ಪ್ಯಾರಿಸ್‌ನ ಪವಿತ್ರ ತ್ರಿತ್ವದ ಚರ್ಚಿಗೆ ಆರ್ಗನ್ ವಾದಕರಾಗಿ ಸೇರಿದ ಅವರು 1992ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ಸುಮಾರು 60 ವರ್ಷ, ಅದೇ ಚರ್ಚಿನಲ್ಲಿ ಸೇವೆ ಸಲ್ಲಿಸಿದರು. ಜಗತ್ಪ್ರಸಿದ್ಧರಾದ ಮೇಲೂ ಚರ್ಚಿನ ಬಲಿಪೂಜೆಗೆ ಆರ್ಗನ್ ನುಡಿಸುವುದನ್ನು ಅವರು ಬಿಡಲಿಲ್ಲ.

1940ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸನ್ನು ಆಕ್ರಮಿಸಿದಾಗ ಸೇನೆಯಲ್ಲಿದ್ದ ಮೆಸ್ಸಿಯಾನ್ ಸೆರೆಸಿಕ್ಕರು. ಅವರನ್ನು ಸೈಲೀಶಿಯಾ ಪ್ರಾಂತ್ಯದ ಗೊರ್ಲಿಟ್ಸ್ ನಗರದ ಪಕ್ಕದಲ್ಲಿದ್ದ ‘ಸ್ಟಾಲಾಗ್ 8-ಎ’ ಎಂಬ ಯುದ್ಧಕೈದಿಗಳ ಶಿಬಿರಕ್ಕೆ ಒಯ್ಯಲಾಯಿತು. ಆ ಜಾಗ ಈಗ ಪೋಲೆಂಡಿನ ಗಡಿಯೊಳಗಿದೆ. ಹಸಿವು, ಚಳಿ, ಊರಿನ ಸುದ್ದಿ ಇಲ್ಲದ ದಿನಗಳು. ಅದೇ ಶಿಬಿರದಲ್ಲಿ ಇನ್ನೂ ಮೂವರು ಸಂಗೀತಗಾರರಿದ್ದರು: ಪಿಟೀಲು ವಾದಕ ಜಾನ್ ಲ ಬೂಲೇರ್, ಕ್ಲಾರಿನೆಟ್ ವಾದಕ ಆನ್ರಿ ಅಕೋಕಾ ಮತ್ತು ಚೆಲ್ಲೊ ವಾದಕ ಎತಿಯೆನ್ ಪಾಸ್ಕಿಯೇ. ಚೆಲ್ಲೊ ಎಂದರೆ ಕುಳಿತು ಮೊಣಕಾಲುಗಳ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲು. ನಾಲ್ವರೂ ಮೆಸ್ಸಿಯಾನರಂತೆ ಭಕ್ತ ಕಥೋಲಿಕರಾಗಿರಲಿಲ್ಲ. ಅಕೋಕಾ ಅಲ್ಜೀರಿಯಾದಲ್ಲಿ ಹುಟ್ಟಿದ ಯೆಹೂದ್ಯರು.

ಕಾರ್ಲ್-ಆಲ್ಬರ್ಟ್ ಬ್ರೂಲ್ ಎಂಬ ಜರ್ಮನ್ ಕಾವಲುಗಾರನು ಮೆಸ್ಸಿಯಾನರಿಗೆ ಕಾಗದ, ಪೆನ್ಸಿಲ್ ಒದಗಿಸಿಕೊಟ್ಟನು. ಹೀಗೆ ರಚನೆಯಾದದ್ದೇ ‘ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ’ ಎಂಬ 8 ಭಾಗಗಳ ಕೃತಿ. ಇದು ಸುಮಾರು 50 ನಿಮಿಷಗಳ ಸಂಗೀತ. 1941ರ ಜನವರಿ 15ರಂದು, ಹಿಮ ಸುರಿಯುವ ಕಾಲದಲ್ಲಿ, ಶಿಬಿರದ 27ನೇ ಬ್ಯಾರಕ್‌ನಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಲಾಯಿತು. ಪಿಯಾನೊ ಹಳೆಯದು, ಒತ್ತಿದ ಕೀಲಿಗಳು ಕೆಲವೊಮ್ಮೆ ಮೇಲಕ್ಕೆ ಬರುತ್ತಿರಲಿಲ್ಲ. ಕೇಳಲು ಕುಳಿತವರು ಕೈದಿಗಳು, ಮುಂದಿನ ಸಾಲಿನಲ್ಲಿ ಜರ್ಮನ್ ಅಧಿಕಾರಿಗಳು.

ಈ ಘಟನೆಯ ಸುತ್ತ ಕೆಲವು ದಂತಕಥೆಗಳೂ ಬೆಳೆದಿವೆ. 5,000 ಮಂದಿ ಕೇಳಿದರು, ಚೆಲ್ಲೊಗೆ ಮೂರೇ ತಂತಿಗಳಿದ್ದವು ಎಂದು ಮೆಸ್ಸಿಯಾನ್ ಅವರೇ ನಂತರ ಹೇಳುತ್ತಿದ್ದರು. ಆದರೆ ಆ ಬ್ಯಾರಕ್‌ನಲ್ಲಿ ಕೆಲವು ನೂರು ಜನರಿಗಷ್ಟೇ ಜಾಗವಿತ್ತು. ತನ್ನ ಚೆಲ್ಲೊಗೆ ನಾಲ್ಕು ತಂತಿಗಳೂ ಇದ್ದವು ಎಂದು ಪಾಸ್ಕಿಯೇ ಕೊನೆಯವರೆಗೂ ಹೇಳಿದರು. ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಘಟನೆಯ ಮಹತ್ವ ಕಡಿಮೆಯಾಗುವುದಿಲ್ಲ. ಹಸಿದ ಕೈದಿಗಳು ಇಂಥ ಕಠಿಣ ಸಂಗೀತವನ್ನು ಸದ್ದಿಲ್ಲದೆ ಕುಳಿತು ಕೇಳಿದರು ಎಂಬುದೇ ದೊಡ್ಡ ವಿಷಯ.

‘ಕಾಲದ ಅಂತ್ಯ’ ಎಂದರೇನು?

ಕೈದಿಗಳು ಸಹಜವಾಗಿ ಸೆರೆವಾಸದ ಕಾಲ ಮುಗಿಯಲಿ ಎಂದು ಕಾಯುತ್ತಿದ್ದರು. ಮೆಸ್ಸಿಯಾನ್ ಅವರ ಆಲೋಚನೆ ಅದಕ್ಕಿಂತ ದೂರ ಹೋಯಿತು. ಪ್ರಕಟನಾ ಗ್ರಂಥದ 10ನೇ ಅಧ್ಯಾಯದಲ್ಲಿ ತಲೆಯ ಸುತ್ತ ಕಾಮನಬಿಲ್ಲನ್ನು ಹೊತ್ತ ದೇವದೂತನು ಸಮುದ್ರದ ಮೇಲೊಂದು, ಭೂಮಿಯ ಮೇಲೊಂದು ಪಾದವಿಟ್ಟು ನಿಂತು, ಇನ್ನು ಕಾಲ ಉಳಿದಿಲ್ಲ ಎಂದು ಸಾರುವ ದರ್ಶನವಿದೆ. ಆ ದೇವದೂತನಿಗೆ ಗೌರವ ಸಲ್ಲಿಸಿ ಈ ಕೃತಿಯನ್ನು ಬರೆಯಲಾಗಿದೆ. ಇಲ್ಲಿ ಕಾಲದ ಅಂತ್ಯವೆಂದರೆ ನಾಶವಲ್ಲ. ಭೂತ ಭವಿಷ್ಯಗಳ ಹಂಗು ಕಳೆದು ನಿತ್ಯತೆ ಆರಂಭವಾಗುವುದು.

ಕೃತಿಗೆ 8 ಭಾಗಗಳು ಏಕೆ ಎಂಬುದಕ್ಕೂ ಮೆಸ್ಸಿಯಾನ್ ಕಾರಣ ಕೊಟ್ಟಿದ್ದಾರೆ. ಏಳು ಪರಿಪೂರ್ಣ ಸಂಖ್ಯೆ. ಆರು ದಿನಗಳ ಸೃಷ್ಟಿ, ಏಳನೆಯ ದಿನದ ಸಬ್ಬತ್. ಆ ವಿಶ್ರಾಂತಿ ನಿತ್ಯತೆಯೊಳಕ್ಕೆ ಮುಂದುವರಿದು ಎಂಟನೆಯ ದಿನವಾಗುತ್ತದೆ. ಆದಿಸಭೆಯ ಪಿತಾಮಹರು ಭಾನುವಾರವನ್ನು, ಅಂದರೆ ಪುನರುತ್ಥಾನದ ದಿನವನ್ನು, ‘ಎಂಟನೆಯ ದಿನ’ ಎಂದು ಕರೆದದ್ದನ್ನು ಧರ್ಮೋಪದೇಶ ಕಲಿಸುವವರು ಬಲ್ಲರು.

ಇದನ್ನು ಅವರು ಸಂಗೀತದಲ್ಲಿ ಹೇಗೆ ತೋರಿಸಿದರು? ನಾವು ಕೇಳುವ ಹೆಚ್ಚಿನ ಸಂಗೀತಕ್ಕೆ ಸಮನಾದ ತಾಳದ ಬಡಿತವಿರುತ್ತದೆ, ಗಡಿಯಾರದಂತೆ. ಮೆಸ್ಸಿಯಾನ್ ಆ ಗಡಿಯಾರವನ್ನೇ ನಿಲ್ಲಿಸಿದರು. ಅದಕ್ಕಾಗಿ ಅವರು ಬಳಸಿದ ಒಂದು ಉಪಾಯ ನಮಗೆ ಆಶ್ಚರ್ಯ ತರುವಂಥದು. ಒಂದು ಫ್ರೆಂಚ್ ಸಂಗೀತ ವಿಶ್ವಕೋಶದಲ್ಲಿ ಅವರು ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ 120 ದೇಶೀತಾಳಗಳ ಪಟ್ಟಿಯನ್ನು ಕಂಡು ಅಭ್ಯಾಸ ಮಾಡಿದ್ದರು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸರ ಆಶ್ರಯದಲ್ಲಿ ರಚನೆಯಾದ ಗ್ರಂಥವದು. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಅದಕ್ಕೆ ವ್ಯಾಖ್ಯಾನ ಬರೆದನು. ನಮ್ಮ ನಾಡಿಗೆ ಹತ್ತಿರದ ಆ ಗ್ರಂಥದ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳು ಈ ಕೃತಿಯ ಮೊದಲ ಭಾಗದಲ್ಲಿ ಪಿಯಾನೊದ ಮೂಲಕ ನುಡಿಯುತ್ತವೆ.

ಆ ಭಾಗದ ಲೆಕ್ಕ ಹೀಗಿದೆ. ಪಿಯಾನೊ 17 ಕಾಲಪ್ರಮಾಣಗಳ ಒಂದು ಸರಣಿಯನ್ನು ಮತ್ತೆ ಮತ್ತೆ ನುಡಿಸುತ್ತದೆ. ಅದರ ಸ್ವರಗುಚ್ಛಗಳ ಸರಣಿ 29ರದು. 17 ಮತ್ತು 29 ಒಂದನ್ನೊಂದು ಭಾಗಿಸದ ಸಂಖ್ಯೆಗಳಾದ್ದರಿಂದ ಎರಡೂ ಸರಣಿಗಳು ಮತ್ತೆ ಒಟ್ಟಿಗೆ ಆರಂಭವಾಗಬೇಕಾದರೆ 493 ಹೆಜ್ಜೆಗಳಾಗಬೇಕು. ಅಷ್ಟರೊಳಗೆ ಆ ಭಾಗ ಮುಗಿದುಹೋಗುತ್ತದೆ. ಅಂದರೆ ನಾವು ಕೇಳುವುದು ಕೊನೆಯಿಲ್ಲದ ಒಂದು ವೃತ್ತದ ತುಣುಕನ್ನು ಮಾತ್ರ. ಅದರ ಮೇಲೆ ಕ್ಲಾರಿನೆಟ್ ಮತ್ತು ಪಿಟೀಲುಗಳು ಮುಂಜಾನೆಯ ಹಕ್ಕಿಗಳಂತೆ ಉಲಿಯುತ್ತವೆ.

ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಒಂದೇ ಆಗಿರುವ ಲಯಗಳನ್ನೂ ಅವರು ಬಳಸಿದರು. ಕನ್ನಡದ ‘ವಿಕಟಕವಿ’ ಎಂಬ ಪದವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಲ್ಲಿ ಆರಂಭ, ಎಲ್ಲಿ ಕೊನೆ ಎಂದು ಬೇರ್ಪಡಿಸಲಾಗದ ಲಯ ಇದು. ಆದಿಯೂ ಅಂತ್ಯವೂ ಒಬ್ಬರೇ ಆದ ಕ್ರಿಸ್ತರನ್ನು ಧ್ಯಾನಿಸುವವನಿಗೆ ಇದಕ್ಕಿಂತ ತಕ್ಕ ಲಯ ಯಾವುದು?

ಐದನೆಯ ಭಾಗದಲ್ಲಿ ಚೆಲ್ಲೊ ಮತ್ತು ಪಿಯಾನೊ ಮಾತ್ರ ಇವೆ. ಅದು ದೇವರ ವಾರ್ತೆಯಾದ ಯೇಸುವಿನ ನಿತ್ಯತೆಗೆ ಸಲ್ಲಿಸುವ ಸ್ತುತಿ. ಎಷ್ಟು ನಿಧಾನವೆಂದರೆ ಕೇಳುವವನ ಉಸಿರಾಟವೇ ನಿಧಾನವಾಗುತ್ತದೆ. ಕೊನೆಯ ಭಾಗದಲ್ಲಿ ಪಿಟೀಲು, ಮನುಷ್ಯನಾದ ಯೇಸುವನ್ನು ಧ್ಯಾನಿಸುತ್ತಾ ಮೇಲೆ ಮೇಲೆ ಏರಿ ಸೂಕ್ಷ್ಮವಾಗಿ ಮರೆಯಾಗುತ್ತದೆ. ಮುಳ್ಳುತಂತಿಯ ಬೇಲಿಯೊಳಗಿದ್ದ ಒಬ್ಬ ಕೈದಿ ದ್ವೇಷದ ಒಂದು ಮಾತನ್ನೂ ಬರೆಯದೆ ಇದನ್ನು ಬರೆದನೆಂಬುದನ್ನು ನಾವು ಗಮನಿಸಬೇಕು. 1941ರಲ್ಲಿ ಮೆಸ್ಸಿಯಾನ್ ಬಿಡುಗಡೆಯಾದರು. ಅಕೋಕಾ ಅದೇ ವರ್ಷ ಚಲಿಸುವ ರೈಲಿನಿಂದ ಹಾರಿ ತಪ್ಪಿಸಿಕೊಂಡರು.

ಮೌನದಿಂದ ಬಂದ ಗಂಟೆಯ ದನಿ

ಎರಡನೆಯವರು ಎಸ್ಟೋನಿಯಾದ ಆರ್ವೊ ಪ್ಯಾರ್ಟ್. ಹುಟ್ಟಿದ್ದು 1935ರಲ್ಲಿ. ಅವರ ಬಾಲ್ಯದಲ್ಲೇ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ವಶವಾಯಿತು. 1968ರಲ್ಲಿ ಟ್ಯಾಲಿನ್ ನಗರದಲ್ಲಿ ಅವರ ‘ಕ್ರೇದೊ’ ಎಂಬ ಕೃತಿಯನ್ನು ಹಾಡಲಾಯಿತು. ಅದರಲ್ಲಿ ಗಾಯನವೃಂದ ಯೇಸುಕ್ರಿಸ್ತರಲ್ಲಿ ವಿಶ್ವಾಸವಿದೆ ಎಂದು ಲತೀನ್ ಭಾಷೆಯಲ್ಲಿ ಬಹಿರಂಗವಾಗಿ ಸಾರುತ್ತದೆ. ಕಣ್ಣಿಗೆ ಕಣ್ಣು ಎಂಬ ಹಳೆಯ ನಿಯಮಕ್ಕೆ ಪರ್ವತ ಪ್ರಸಂಗದಲ್ಲಿ ಪ್ರಭು ಕೊಟ್ಟ ಉತ್ತರವೂ ಅದರಲ್ಲಿದೆ. ನಾಸ್ತಿಕ ಸರಕಾರಕ್ಕೆ ಇದು ಸಹನೆಯಾಗಲಿಲ್ಲ. ಕೃತಿಯ ಪ್ರದರ್ಶನ ನಿಂತುಹೋಯಿತು.

ನಂತರದ ಎಂಟು ವರ್ಷ ಪ್ಯಾರ್ಟ್ ಬಹುಮಟ್ಟಿಗೆ ಮೌನವಾದರು. ಭಯ ಒಂದೇ ಇದಕ್ಕೆ ಕಾರಣವಲ್ಲ. ತಾನು ಕಲಿತ ಸಂಗೀತದಲ್ಲಿ ತನಗೆ ಬೇಕಾದುದನ್ನು ಹೇಳಲಾಗುತ್ತಿಲ್ಲ ಎಂಬ ಸಂಕಟವೂ ಇತ್ತು. ಆ ಕಾಲದಲ್ಲಿ ಅವರು ಗ್ರೆಗೋರಿಯನ್ ಗಾಯನವನ್ನು ಶಾಲಾ ಬಾಲಕನಂತೆ ಮೊದಲಿನಿಂದ ಕಲಿತರು. ಕೀರ್ತನೆಗಳನ್ನು ಓದಿ ಒಂದೇ ಸಾಲಿನ ಸ್ವರಗಳನ್ನು ಪುಸ್ತಕಗಟ್ಟಲೆ ಬರೆದರು. 1972ರಲ್ಲಿ ಆರ್ಥೊಡಾಕ್ಸ್ ಸಭೆಯನ್ನು ಸೇರಿದರು. 1976ರಲ್ಲಿ ‘ಆಲಿನಾಳಿಗೆ’ ಎಂಬ ಎರಡು ಪುಟದ ಪಿಯಾನೊ ರಚನೆಯೊಂದಿಗೆ ಅವರ ಮೌನ ಮುರಿಯಿತು.

ಅಂದಿನಿಂದ ಅವರು ಅನುಸರಿಸಿದ ಶೈಲಿಯ ಹೆಸರು ‘ತಿಂತಿನ್ನಾಬುಲಿ’. ಲತೀನಿನಲ್ಲಿ ಪುಟ್ಟ ಗಂಟೆಗಳು ಎಂದರ್ಥ. ಅದರಲ್ಲಿ ಎರಡು ದನಿಗಳಿವೆ. ಒಂದು ದನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ, ಅಲೆಯುತ್ತದೆ. ಇನ್ನೊಂದು ದನಿ ಮೂರೇ ಮೂರು ಮೂಲಸ್ವರಗಳನ್ನು ಬಿಟ್ಟು ಕದಲುವುದಿಲ್ಲ. ನಮ್ಮ ತಂಬೂರಿಯ ಶ್ರುತಿಯನ್ನು ನೆನೆದರೆ ಇದರ ಕಲ್ಪನೆ ಬರುತ್ತದೆ. ಆದರೆ ಇಲ್ಲಿ ಆ ಎರಡನೆಯ ದನಿ ಮೊದಲನೆಯದರ ಪ್ರತಿಯೊಂದು ಹೆಜ್ಜೆಗೂ ಜೊತೆಯಾಗಿ ನಡೆಯುತ್ತದೆ. ಪ್ಯಾರ್ಟ್ ಅವರ ವಿವರಣೆಯಂತೆ ಅಲೆಯುವ ದನಿ ಮನುಷ್ಯನದು, ಅವನ ಪಾಪ ಮತ್ತು ನೋವಿನದು. ಕದಲದ ದನಿ ಕ್ಷಮೆಯದು. ಎರಡು ದನಿಗಳಿದ್ದರೂ ಕೇಳುವಾಗ ಅವು ಒಂದೇ. ದಾರಿತಪ್ಪಿದ ಮಗನ ಸಾಮತಿಯನ್ನು ಇಷ್ಟು ಕಡಿಮೆ ಸ್ವರಗಳಲ್ಲಿ ಹೇಳಿದವರು ವಿರಳ.

1978ರಲ್ಲಿ ಪಿಟೀಲು ಮತ್ತು ಪಿಯಾನೊಗಾಗಿ ಬರೆದ ‘ಕನ್ನಡಿಯೊಳಗಿನ ಕನ್ನಡಿ’ ಎಂಬ ಪುಟ್ಟ ಕೃತಿಯಲ್ಲಿ ಪಿಟೀಲು ಒಂದೇ ಸ್ವರದಿಂದ ಸ್ವಲ್ಪ ದೂರ ಹೋಗಿ ಮರಳುತ್ತದೆ. ಮುಂದಿನ ಸಲ ಇನ್ನೊಂದು ಸ್ವರದಷ್ಟು ಹೆಚ್ಚು ದೂರ ಹೋಗುತ್ತದೆ, ಮತ್ತೆ ಮರಳುತ್ತದೆ. ಪ್ರತಿಸಲವೂ ತಲುಪುವುದು ಅದೇ ಮನೆಯನ್ನು.

1980ರಲ್ಲಿ ಪ್ಯಾರ್ಟ್ ಕುಟುಂಬ ಸ್ವದೇಶವನ್ನು ಬಿಟ್ಟು ವಿಯೆನ್ನಾಕ್ಕೆ, ಅಲ್ಲಿಂದ ಬರ್ಲಿನ್‌ಗೆ ಹೋಗಬೇಕಾಯಿತು. ಸಂತ ಯೊವಾನ್ನರ ಶುಭಸಂದೇಶದ ಪ್ರಕಾರ ಯೇಸುವಿನ ಯಾತನೆಯನ್ನು ಹಾಡುವ ‘ಪಾಸ್ಸಿಯೊ’ 1982ರದು. 1990ರಲ್ಲಿ ಬರ್ಲಿನ್‌ನಲ್ಲಿ ನಡೆದ ಜರ್ಮನ್ ಕಥೋಲಿಕರ ಸಮಾವೇಶಕ್ಕಾಗಿ ಅವರು ‘ಬರ್ಲಿನ್ ಬಲಿಪೂಜೆ’ಯನ್ನು ಬರೆದುಕೊಟ್ಟರು. 2011ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರು ಈ ಆರ್ಥೊಡಾಕ್ಸ್ ಸಂಗೀತಗಾರರನ್ನು ವ್ಯಾಟಿಕನ್ನಿನ ಸಂಸ್ಕೃತಿ ಮಂಡಳಿಗೆ ನೇಮಿಸಿದರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕೈಯಿಂದ ರಾಟ್ಸಿಂಗರ್ ಪ್ರಶಸ್ತಿಯೂ ಅವರಿಗೆ ದೊರೆಯಿತು. ಸಭೆಗಳ ನಡುವಣ ಐಕ್ಯತೆಯ ಬಗ್ಗೆ ನಾವು ಜನವರಿಯ ಪ್ರಾರ್ಥನಾ ಸಪ್ತಾಹದಲ್ಲಿ ಮಾತನಾಡುತ್ತೇವೆ. ಸಂಗೀತ ಆ ಸೇತುವೆಯನ್ನು ಆಗಲೇ ದಾಟಿದೆ.

ಶಿಲುಬೆಯ ಮೇಲಿನ ಏಳು ಮಾತುಗಳು

ಶುಭ ಶುಕ್ರವಾರದ ದಿನ ಯೇಸುಸ್ವಾಮಿಯು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಪ್ರಬೋಧನೆ ನಡೆಸುವ ಪದ್ಧತಿ ಪೆರು ದೇಶದ ಲೀಮಾ ನಗರದಲ್ಲಿ ಯೇಸುಸಭೆಯ ಗುರುಗಳಿಂದ ಬೆಳೆದುಬಂತು. ಸ್ಪೇನಿನ ಕಾದಿಸ್ ನಗರದಲ್ಲಿ ಅಂಥ ಪ್ರಬೋಧನೆಗಳ ನಡುವೆ ನುಡಿಸಲು 18ನೆಯ ಶತಮಾನದ ಕೊನೆಗೆ ಹೇಡನ್ ಏಳು ನಿಧಾನ ಭಾಗಗಳ ಸಂಗೀತ ರಚಿಸಿದರು. 20ನೆಯ ಶತಮಾನದಲ್ಲಿ ಅದೇ ವಸ್ತುವನ್ನು ಇಬ್ಬರು ಎತ್ತಿಕೊಂಡರು.

ಸೋಫಿಯಾ ಗುಬೈದುಲಿನಾ 1931ರಲ್ಲಿ ರಷ್ಯಾದ ತಾತಾರ್ ಪ್ರದೇಶದಲ್ಲಿ ಜನಿಸಿದರು. ತಂದೆಯ ಕಡೆಯಿಂದ ತಾತಾರ್ ಮುಸ್ಲಿಂ ಮನೆತನ. 1970ರಲ್ಲಿ ಅವರು ಆರ್ಥೊಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದರು. 1982ರಲ್ಲಿ ಚೆಲ್ಲೊ, ಬಯಾನ್ ಮತ್ತು ತಂತಿವಾದ್ಯಗಳಿಗಾಗಿ ‘ಏಳು ಮಾತುಗಳು’ ಎಂಬ ಕೃತಿಯನ್ನು ಬರೆದರು. ಆದರೆ ಸೋವಿಯತ್ ಒಕ್ಕೂಟದಲ್ಲಿ ಧಾರ್ಮಿಕ ಹೆಸರಿಗೆ ಅವಕಾಶವಿಲ್ಲದ್ದರಿಂದ ಅದು ‘ಪಾರ್ತಿತಾ’ ಎಂಬ ನಿರುಪದ್ರವಿ ಹೆಸರಿನಲ್ಲಿ ಅಚ್ಚಾಯಿತು. ಈ ಕೃತಿಯಲ್ಲಿ ಒಂದು ಪದವನ್ನೂ ಯಾರೂ ಹಾಡುವುದಿಲ್ಲ. ಆದರೂ ಏಳೂ ಮಾತುಗಳು ಅದರಲ್ಲಿವೆ.

ಬಯಾನ್ ಎಂದರೆ ಗುಂಡಿಗಳಿರುವ ರಷ್ಯನ್ ಅಕಾರ್ಡಿಯನ್. ನಮ್ಮ ಹಾರ್ಮೋನಿಯಂನಂತೆ ತಿದಿಯ ಗಾಳಿಯಿಂದ ನುಡಿಯುವ ವಾದ್ಯ. ಗುಬೈದುಲಿನಾ ಅದರ ಸ್ವರಗಳನ್ನು ಮಾತ್ರವಲ್ಲ, ಸ್ವರವಿಲ್ಲದ ಬರೀ ಗಾಳಿಯ ಸದ್ದನ್ನೂ ಬಳಸಿದರು. ಅದು ಉಸಿರಿಗಾಗಿ ಒದ್ದಾಡುವ ಸದ್ದು. ಚೆಲ್ಲೊ ದೇವಸುತನನ್ನು, ಬಯಾನ್ ಪಿತದೇವರನ್ನು, ಉಳಿದ ತಂತಿಗಳು ಪವಿತ್ರಾತ್ಮರನ್ನು ಸೂಚಿಸುತ್ತವೆ ಎಂದು ವಿವರಿಸಲಾಗುತ್ತದೆ. ಕೊನೆಯಲ್ಲಿ ಯೇಸು ತನ್ನ ಆತ್ಮವನ್ನು ತಂದೆಗೆ ಒಪ್ಪಿಸುವಾಗ ಚೆಲ್ಲೊದ ಕಮಾನು ತಂತಿಯ ಮೇಲೆ ಸರಿಯುತ್ತ ಸರಿಯುತ್ತ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನೇ ದಾಟಿ ಆಚೆ ಹೋಗುತ್ತದೆ. ವಾದ್ಯದ ನಿಯಮದಂತೆ ಅಲ್ಲಿ ಸಂಗೀತವಿಲ್ಲ. ಅಲ್ಲಿಂದ ಬರುವ ದನಿ ಈ ಲೋಕದ್ದಲ್ಲವೆಂಬಂತೆ ಕೇಳುತ್ತದೆ. ಗುಬೈದುಲಿನಾ 2025ರ ಮಾರ್ಚ್ 13ರಂದು ಜರ್ಮನಿಯಲ್ಲಿ ನಿಧನರಾದರು.

ಜೇಮ್ಸ್ ಮ್ಯಾಕ್‌ಮಿಲನ್ ಸ್ಕಾಟ್ಲೆಂಡಿನವರು, 1959ರಲ್ಲಿ ಜನಿಸಿದ ಕಥೋಲಿಕರು. ಡೊಮಿನಿಕನ್ ಸಭೆಯ ಶ್ರೀಸಾಮಾನ್ಯ ಸದಸ್ಯರು. 1993ರಲ್ಲಿ ಬಿಬಿಸಿ ಟೆಲಿವಿಷನ್‌ಗಾಗಿ ಗಾಯನವೃಂದ ಮತ್ತು ತಂತಿವಾದ್ಯಗಳ ‘ಶಿಲುಬೆಯಿಂದ ಏಳು ಕೊನೆಯ ಮಾತುಗಳು’ ಎಂಬ ಕೃತಿಯನ್ನು ಬರೆದರು. 1994ರ ಪವಿತ್ರ ವಾರದಲ್ಲಿ ಏಳು ರಾತ್ರಿ ಒಂದೊಂದು ಮಾತಿನಂತೆ ಅದು ಪ್ರಸಾರವಾಯಿತು.

ನಮ್ಮ ಚರ್ಚುಗಳಲ್ಲಿ ಶುಭ ಶುಕ್ರವಾರದ ದೈವಾರಾಧನೆಗೆ ಬರುವವರಿಗೆ ಇದರ ಮೂರನೆಯ ಭಾಗ ಕೂಡಲೇ ತಿಳಿಯುತ್ತದೆ. ಗುರುಗಳು ಶಿಲುಬೆಯ ಮೇಲಿನ ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಸರಿಸುತ್ತಾ, ಶಿಲುಬೆಯ ಮರವನ್ನು ನೋಡಿರಿ ಎಂದು ಮೂರು ಸಲ ಹಾಡುತ್ತಾರಲ್ಲವೇ? ಅದೇ ಲತೀನ್ ಮಾತುಗಳನ್ನು ಮ್ಯಾಕ್‌ಮಿಲನ್ ಮೊದಲು ತಗ್ಗಿನ ಬಾಸ್ ದನಿಗಳಿಗೆ, ನಂತರ ಟೆನರ್‌ಗಳಿಗೆ, ನಂತರ ಆಲ್ಟೊಗಳಿಗೆ ಕೊಟ್ಟಿದ್ದಾರೆ. ಕೊನೆಯಲ್ಲಿ ಎತ್ತರದ ಸೊಪ್ರಾನೊಗಳು ಬಂದು, ಪಶ್ಚಾತ್ತಾಪಪಟ್ಟ ಕಳ್ಳನಿಗೆ ಪ್ರಭು ಕೊಟ್ಟ ವಾಗ್ದಾನವನ್ನು ಹಾಡುತ್ತವೆ. ಆರನೆಯ ಮಾತಿನಲ್ಲಿ ತಂತಿವಾದ್ಯಗಳು ಸುತ್ತಿಗೆಯ ಏಟುಗಳಂತೆ ಬಡಿಯುತ್ತವೆ. ಏಳನೆಯದರಲ್ಲಿ ಗಾಯಕರು ತಂದೆಯನ್ನು ಮೂರು ಸಲ ಕೂಗಿ ಕರೆದು, ಕೊನೆಯ ಮಾತು ಮುಗಿಸಿ ಸುಮ್ಮನಾಗುತ್ತಾರೆ. ಸ್ಕಾಟ್ಲೆಂಡಿನ ಹಳ್ಳಿಗಳ ಶೋಕಗೀತೆಯ ಛಾಯೆಯಲ್ಲಿ ತಂತಿವಾದ್ಯಗಳು ಮಾತ್ರ ಕೊನೆಯುಸಿರಿನಂತೆ ಬಿಟ್ಟು ಬಿಟ್ಟು ನುಡಿದು ನಿಲ್ಲುತ್ತವೆ. ಪುನರುತ್ಥಾನದ ಸಂತೋಷವನ್ನು ಮ್ಯಾಕ್‌ಮಿಲನ್ ಇಲ್ಲಿ ಅವಸರದಿಂದ ತಂದು ಸೇರಿಸಿಲ್ಲ. ಸಾವಿನ ಮನೆಗೆ ಹೋದಾಗ ನಾವು ಬೇಗ ಬೇಗ ಸಾಂತ್ವನದ ಮಾತು ಹೇಳಿ ಎದ್ದುಬಿಡುತ್ತೇವೆ. ಸ್ವಲ್ಪ ಹೊತ್ತು ಸುಮ್ಮನೆ ಜೊತೆಗೆ ಕುಳಿತಿರುವುದೂ ಒಂದು ಪ್ರಾರ್ಥನೆ ಎಂಬುದನ್ನು ಈ ಸಂಗೀತ ಕಲಿಸುತ್ತದೆ.

ಇದೇ ಮ್ಯಾಕ್‌ಮಿಲನ್ ಗ್ಲಾಸ್ಗೊ ನಗರದ ಮೇರಿಹಿಲ್‌ನಲ್ಲಿರುವ ಸಂತ ಕೊಲಂಬಾ ಚರ್ಚಿನಲ್ಲಿ ಹಲವು ವರ್ಷ ಸಾಮಾನ್ಯ ಜನರ ಪುಟ್ಟ ಗಾಯನ ಮಂಡಳಿಯನ್ನು ನಡೆಸಿದರು. ಅವರಿಗಾಗಿ ಭಾನುವಾರದ ಕೀರ್ತನೆಗಳಿಗೆ ಸುಲಭ ರಾಗಗಳನ್ನು ಹಾಕಿಕೊಟ್ಟರು. 2010ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಬ್ರಿಟನ್ನಿಗೆ ಭೇಟಿಯಿತ್ತಾಗ ಗ್ಲಾಸ್ಗೊದ ಬಯಲಿನಲ್ಲಿ ನಡೆದ ಬಲಿಪೂಜೆಗೆ, ಜನರೆಲ್ಲ ಹಾಡಬಲ್ಲ ಸಂಗೀತವನ್ನು ಬರೆದವರೂ ಅವರೇ. ದೊಡ್ಡ ವೇದಿಕೆಗೆ ಬರೆಯುವ ಕೈ ಸಣ್ಣ ಧರ್ಮಕೇಂದ್ರಕ್ಕೆ ಬರೆಯಲು ನಾಚಲಿಲ್ಲ.

ಧರ್ಮಸಭೆಯ ಬೋಧನೆ ಏನು?

ಈ ಸಂಗೀತವನ್ನೆಲ್ಲ ಬಲಿಪೂಜೆಯಲ್ಲಿ ನುಡಿಸಬಹುದೇ ಎಂಬ ಪ್ರಶ್ನೆ ಬರುವುದು ಸಹಜ. ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿಯಬೇಕು. ಧಾರ್ಮಿಕ ವಸ್ತುವುಳ್ಳ ಸಂಗೀತ ಬೇರೆ, ದೈವಾರಾಧನೆಯ ಸಂಗೀತ ಬೇರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನಾ ಸಂವಿಧಾನದ ಆರನೇ ಅಧ್ಯಾಯ ಪವಿತ್ರ ಸಂಗೀತದ ಕುರಿತಾದುದು. ಆರಾಧನಾ ಕಾರ್ಯಕ್ಕೆ ಸಂಗೀತ ಎಷ್ಟು ಹತ್ತಿರವಾಗಿ ಬೆಸೆದುಕೊಳ್ಳುತ್ತದೆಯೋ ಅಷ್ಟು ಅದು ಪವಿತ್ರ ಎಂಬುದು ಅದರ ಸಾರ. ಗ್ರೆಗೋರಿಯನ್ ಗಾಯನಕ್ಕೆ ಅಲ್ಲಿ ಮೊದಲ ಸ್ಥಾನವಿದೆ. ಜನರ ಗಾಯನಕ್ಕೆ ಪ್ರೋತ್ಸಾಹವಿದೆ. ಆಯಾ ನಾಡಿನ ಸಂಗೀತ ಪರಂಪರೆಗೂ ತಕ್ಕ ಗೌರವ ಸಲ್ಲಬೇಕೆಂಬ ಸೂಚನೆಯಿದೆ. ತಕ್ಕ ಸಮಯದಲ್ಲಿ ಪವಿತ್ರ ಮೌನವನ್ನು ಪಾಲಿಸಬೇಕೆಂದೂ ಅದೇ ಸಂವಿಧಾನ ಹೇಳುತ್ತದೆ. ಈ ಕೊನೆಯ ಮಾತು ನಮ್ಮಲ್ಲಿ ಹೆಚ್ಚಾಗಿ ಮರೆತುಹೋಗಿದೆ.

ಸ್ವತಃ ಮೆಸ್ಸಿಯಾನ್ ಅವರೇ ನಿಜವಾದ ಅರ್ಥದಲ್ಲಿ ದೈವಾರಾಧನಾ ಸಂಗೀತವೆಂದರೆ ಗ್ರೆಗೋರಿಯನ್ ಗಾಯನ ಒಂದೇ ಎಂದು ಹೇಳುತ್ತಿದ್ದರು. ತಮ್ಮ ಚತುರ್ವಾದ್ಯ ಬಲಿಪೀಠದ ಮುಂದೆ ನುಡಿಸಬೇಕಾದದ್ದೆಂದು ಅವರು ಭಾವಿಸಿರಲಿಲ್ಲ. ಅದು ಧ್ಯಾನಕ್ಕೆ, ಆಲಿಸುವುದಕ್ಕೆ ಇರುವ ಸಂಗೀತ. ಆದರೆ 1937ರಲ್ಲಿ ಅವರು ಬರೆದ, ಪರಮ ಪ್ರಸಾದವನ್ನು ಸ್ತುತಿಸುವ ‘ಓ ಸಾಕ್ರುಮ್ ಕೊನ್ವಿವಿಯುಮ್’ ಎಂಬ ಪುಟ್ಟ ಗಾಯನ ನುರಿತ ಮಂಡಳಿಗಳಿಗೆ ಪೂಜೆಯಲ್ಲಿಯೂ ಹೊಂದುತ್ತದೆ. ಪೋಪ್ ಸಂತ 2ನೇ ಜಾನ್ ಪೌಲರ 1987ರ ಪೋಲೆಂಡ್ ಯಾತ್ರೆಗಾಗಿ ಹೆನ್ರಿಕ್ ಗುರೆಟ್ಸ್ಕಿ ಬರೆದ ‘ತೋತುಸ್ ತೂಉಸ್’ ಎಂಬ ಮರಿಯ ಮಾತೆಯ ಗಾಯನವೂ ಹಾಗೆಯೇ.

ನಮ್ಮ ಗಾಯನ ಮಂಡಳಿಗಳಿಗೆ ಇದರಿಂದೇನು?

ನಮ್ಮ ಧರ್ಮಕೇಂದ್ರಗಳ ಗಾಯನ ಮಂಡಳಿಗಳಲ್ಲಿ ಹಾಡುವವರು ದಿನದ ದುಡಿಮೆ ಮುಗಿಸಿ ಅಭ್ಯಾಸಕ್ಕೆ ಬರುವವರು. ಅವರ ಸೇವೆ ದೊಡ್ಡದು. ಅವರು ಮೆಸ್ಸಿಯಾನರನ್ನು ಹಾಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಈ ನಾಲ್ವರ ಬದುಕಿನಿಂದ ಕಲಿಯಬಹುದಾದ ಕೆಲವು ಸಂಗತಿಗಳಿವೆ.

ಮೊದಲನೆಯದು, ಮೌನ. ಪರಮ ಪ್ರಸಾದ ಸ್ವೀಕಾರದ ನಂತರ ಕೀಬೋರ್ಡ್ ನಿರಂತರವಾಗಿ ನುಡಿಯುತ್ತಲೇ ಇರಬೇಕೆಂಬ ನಿಯಮವೇನೂ ಇಲ್ಲ. ಎರಡು ನಿಮಿಷ ಸಂಪೂರ್ಣ ಮೌನವಿದ್ದರೆ ಯಾರಿಗೂ ನಷ್ಟವಿಲ್ಲ. ಪ್ಯಾರ್ಟ್ ಎಂಟು ವರ್ಷ ಕಾದರು.

ಎರಡನೆಯದು, ಪದಗಳಿಗೆ ಗೌರವ. ಪ್ಯಾರ್ಟ್ ಅವರ 1977ರ ‘ಮಿಸ್ಸಾ ಸಿಲ್ಲಾಬಿಕಾ’ದಲ್ಲಿ ಪದದ ಅಕ್ಷರಗಳ ಸಂಖ್ಯೆಯೇ ಸ್ವರಗಳ ಚಲನೆಯನ್ನು ನಿರ್ಧರಿಸುತ್ತದೆ. ಅಲ್ಲಿ ಸಂಗೀತ ಪ್ರಾರ್ಥನೆಯ ಸೇವಕ. ನಮ್ಮಲ್ಲಿ ಕೆಲವೊಮ್ಮೆ ರಾಗಕ್ಕಾಗಿ ಕನ್ನಡದ ಅಥವಾ ಕೊಂಕಣಿಯ ಪದವನ್ನು ಮುರಿದು ಅರ್ಥವೇ ತಿಳಿಯದಂತೆ ಹಾಡುವುದುಂಟು. ಹಾಡನ್ನು ಆರಿಸುವಾಗ ಮೊದಲು ಪದಗಳನ್ನು ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯ ಅಭ್ಯಾಸ.

ಮೂರನೆಯದು, ಸತ್ಯ. ಗುಬೈದುಲಿನಾ ಮತ್ತು ಮ್ಯಾಕ್‌ಮಿಲನ್ ಶಿಲುಬೆಯ ನೋವನ್ನು ಸಿಹಿ ಮಾಡಲಿಲ್ಲ. ಮಗನನ್ನು ಸಮುದ್ರದಲ್ಲಿ ಕಳೆದುಕೊಂಡ ಮನೆಯವರು, ಕೆಲಸಕ್ಕಾಗಿ ಗಲ್ಫ್‌ಗೆ ಹೋದವರ ದಾರಿ ಕಾಯುವವರು, ಕಾಯಿಲೆಯಲ್ಲಿ ಪ್ರಾರ್ಥಿಸಿ ಉತ್ತರ ಕಾಣದವರು ನಮ್ಮ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅವರಿಗೂ ನಮ್ಮ ಹಾಡಿನಲ್ಲಿ ಸ್ಥಳವಿರಬೇಕು. ಪ್ರತಿ ಭಾನುವಾರವೂ ಉತ್ಸಾಹದ ಹಾಡುಗಳೇ ಆದರೆ ಅವರು ತಮ್ಮ ನೋವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗುತ್ತದೆ.

ನಾಲ್ಕನೆಯದು, ಆಲಿಸುವುದು. ಮೈಕಿನಲ್ಲಿ ಒಂದೇ ದನಿ ಕೇಳಿಸಿ ಉಳಿದವರು, ಜನರೂ ಸೇರಿ, ಸುಮ್ಮನಾದರೆ ಅದು ಗಾಯನ ಮಂಡಳಿಯಲ್ಲ. 27ನೇ ಬ್ಯಾರಕ್‌ನಲ್ಲಿ ಒಬ್ಬ ಕಥೋಲಿಕ, ಒಬ್ಬ ಯೆಹೂದ್ಯ ಮತ್ತು ಇನ್ನಿಬ್ಬರು, ಒಬ್ಬರನ್ನೊಬ್ಬರು ಆಲಿಸುತ್ತಾ ಕೊನೆಯವರೆಗೆ ಒಟ್ಟಿಗೆ ನಡೆದರು.

ಕೇಳಲು ಬಯಸುವವರಿಗೆ

ಈ ಕೃತಿಗಳ ಧ್ವನಿಮುದ್ರಣಗಳು ಇಂದು ಅಂತರಜಾಲದಲ್ಲಿ ಸುಲಭವಾಗಿ ದೊರೆಯುತ್ತವೆ. ಹೊಸಬರು ಪ್ಯಾರ್ಟ್ ಅವರ ‘ಕನ್ನಡಿಯೊಳಗಿನ ಕನ್ನಡಿ’ಯಿಂದ ಆರಂಭಿಸುವುದು ಒಳ್ಳೆಯದು. ಅದು ಹತ್ತು ನಿಮಿಷದೊಳಗೆ ಮುಗಿಯುತ್ತದೆ, ಮಕ್ಕಳೂ ಕೇಳಬಲ್ಲರು. ನಂತರ ಮೆಸ್ಸಿಯಾನರ ಚತುರ್ವಾದ್ಯದ ಐದನೆಯ ಭಾಗವನ್ನು ಮಾತ್ರ ಕೇಳಿರಿ. ಇಡೀ ಕೃತಿ ಮೊದಲ ಸಲಕ್ಕೆ ಕಠಿಣವೆನಿಸಬಹುದು. ಮ್ಯಾಕ್‌ಮಿಲನ್ ಮತ್ತು ಗುಬೈದುಲಿನಾ ಅವರ ಕೃತಿಗಳನ್ನು ಪವಿತ್ರ ವಾರಕ್ಕೆ ಇಟ್ಟುಕೊಳ್ಳಿರಿ. ಬೇರೆ ಕೆಲಸ ಮಾಡುತ್ತಾ ಕೇಳುವ ಸಂಗೀತ ಇದಲ್ಲ. ಶುಭಸಂದೇಶದ ಆ ಭಾಗವನ್ನು ಮೊದಲು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿರಿ. ಗಾಯನ ಮಂಡಳಿಗಳ ವಾರ್ಷಿಕ ಧ್ಯಾನಕೂಟದಲ್ಲಿ ಒಂದು ಗಂಟೆಯನ್ನು ಹೀಗೆ ಕಳೆಯಬಹುದು. ನವೆಂಬರ್ 22ರಂದು ನಾವು ಆಚರಿಸುವ ಸಂಗೀತಗಾರರ ಪಾಲಕಿ ಸಂತ ಸೆಸಿಲಿಯಾರ ಹಬ್ಬವೂ ಇದಕ್ಕೆ ತಕ್ಕ ದಿನ.

ಮೊದಲ ಸಲ ಇಷ್ಟವಾಗದಿದ್ದರೆ ಬೇಸರಿಸುವ ಅಗತ್ಯವಿಲ್ಲ. ಶಿಬಿರದಲ್ಲಿ ಕೇಳಿದ ಕೈದಿಗಳಲ್ಲಿಯೂ ಎಲ್ಲರಿಗೂ ಅದು ಅರ್ಥವಾಗಿರಲಿಕ್ಕಿಲ್ಲ. ಆದರೂ ಅವರು ಕೊನೆಯವರೆಗೆ ಕುಳಿತಿದ್ದರು. ಮುಂದಿನ ತಪಸ್ಸು ಕಾಲದಲ್ಲಿ ನಮ್ಮ ಒಂದೊಂದು ಕುಟುಂಬವೂ ಒಂದು ಸಂಜೆ ಟಿ.ವಿ. ಆರಿಸಿ ಹತ್ತು ನಿಮಿಷ ಹಾಗೆ ಕುಳಿತುಕೊಳ್ಳಲು ಸಾಧ್ಯವಾದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.